ದೋಟಿಯವನ ಕೋಟು

ಪ್ರಾಂತೀಯ ಕಲಾವಿದರ ಸಂಘದ ಚಿತ್ರಪ್ರದರ್ಶನ ನಡೆಯುವ ಮೂರು ದಿನ ನಮ್ಮೂರಿನ ಗಂಡಸರು ಧೋತರ ಉಡುವುದಿಲ್ಲ. ಊರಗೌಡರಿಂದ ಹಿಡಿದು ಹೂವಿನಂಗಡಿಯವನ ತನಕ ಎಲ್ಲರೂ ಪಾಯಿಜಾಮ. ಹೆಂಗಸರು ಕಚ್ಚೆ ಹಾಕಿ ಸೀರೆ ಉಟ್ಟು, ಮೇಲಿಂದ ಆರೆಂಟು ಪಿನ್ನು ಚುಚ್ಚಿಕೊಂಡು ಬರುತ್ತಾರೆ. ಕೈಕೂಸುಗಳಿದ್ದರೆ ಸೆರಗಿನಿಂದ ಹೊಟ್ಟೆಗೆ ಬಿಗಿದುಕೊಂಡಿರುತ್ತಾರೆ. ಒಳ್ಳೆಯ ಚಿತ್ರದ ಮುಂದೆ ನಿಂತವರ ಕಾಲು ನೆಲ ಬಿಡುತ್ತದೆ ನೋಡಿ. ಕೆಳಗಿದ್ದವರು ಎಷ್ಟೇ ಸಭ್ಯರಾದರೂ ಕಣ್ಣು ಕಣ್ಣೇ ಅಲ್ಲವೇ?

ಚಿತ್ರ ತಕ್ಕಮಟ್ಟಿಗಿದ್ದರೆ ಎರಡು ಬೆರಳು ಏಳುತ್ತಾರೆ. ಚೆನ್ನಾಗಿದ್ದರೆ ಒಂದು ಗೇಣು, ಬಲು ಚೆನ್ನಾಗಿದ್ದರೆ ಮೊಳ, ಎರಡು ಮೊಳ. ಆಳೆತ್ತರ ಎಬ್ಬಿಸಿದ ಚಿತ್ರಗಳು ನಮ್ಮ ಸೀಮೆಯಲ್ಲಿ ಇದುವರೆಗೆ ನಾಲ್ಕೇ ನಾಲ್ಕು. ಅವುಗಳ ಹೆಸರು ಮಕ್ಕಳಿಗೂ ಬಾಯಿಪಾಠ. ಅಚ್ಚು ಹಾಕಿದ ಕ್ಯಾಲೆಂಡರು, ಫೋಟೊ ಇವುಗಳಿಂದ ಏನೂ ಆಗುವುದಿಲ್ಲ. ಕೈಯಿಂದ ಬರೆದದ್ದೇ ಆಗಬೇಕು. ಅದಕ್ಕೇ ತಗ್ಗು ಮಾಳಿಗೆಯ ಮನೆಗಳಲ್ಲಿ ಕೈಚಿತ್ರ ಇಡಬಾರದೆಂದು ಊರಿನ ಕಟ್ಟಳೆ. ಹಿಂದೊಮ್ಮೆ ಹೊಸ ಅಳಿಯನೊಬ್ಬ ಮಾವನ ಮನೆಯ ಪಡಸಾಲೆಯಲ್ಲಿ ತೊಲೆಗೆ ತಲೆ ಹೊಡೆಸಿಕೊಂಡು ಮೂರು ದಿನ ಹೆಂಡತಿಯ ಹೆಸರನ್ನೇ ಮರೆತಿದ್ದನಂತೆ. ಹಾಗಾಗಿ ನಮ್ಮ ಕಲಾವಿದರೆಲ್ಲ ಬರೆಯುವುದು ಹಳೆಯ ಅರಳೆ ಗಿರಣಿಯ ಬಯಲಿನಲ್ಲಿ, ಬೇವಿನ ಮರಕ್ಕೂ ತಮ್ಮ ನಡುವಿಗೂ ಹಗ್ಗ ಕಟ್ಟಿಕೊಂಡು.

ಪ್ರದರ್ಶನವೂ ಆ ಗಿರಣಿಯ ಒಳಗೇ. ಅಷ್ಟು ಎತ್ತರದ ಕಟ್ಟಡ ಊರಿನಲ್ಲಿ ಇನ್ನೊಂದಿಲ್ಲ. ಮಾಡಿನ ತಗಡು ತಲೆಗೆ ತಾಗಿ ನೋಯಬಾರದೆಂದು ಒಳಗಿನಿಂದ ಕೌದಿ ಹೊಚ್ಚಿದ್ದಾರೆ. ಮನೆಮನೆಯಿಂದ ಹಳೆಯ ಸೀರೆ ಕೂಡಿಸಿ ಹೊಲಿದ ಕೌದಿ. ಬಾಗಿಲಲ್ಲಿ ಪ್ರತಿಯೊಬ್ಬರಿಗೂ ಒಂದು ನಡುಪಟ್ಟಿ ಕೊಡುತ್ತಾರೆ, ಅದಕ್ಕೊಂದು ಹಿತ್ತಾಳೆಯ ರಿಂಗು. ಮೇಲೆ ಹೋದವರು ತಾವಾಗಿ ಇಳಿಯಬೇಕೆಂದರೆ ಅರ್ಧ ತಾಸು ಬೇಕು, ಅಷ್ಟರಲ್ಲಿ ಹಿಂದಿನವರ ಸಾಲು ಬಸ್ ಸ್ಟ್ಯಾಂಡಿಗೆ ಮುಟ್ಟುತ್ತದೆ. ಆದ್ದರಿಂದ ದೋಟಿಯವನು ಬೇಕು. ಹುಣಸೆ ಉದುರಿಸುವ ದೋಟಿಯ ಕೊಕ್ಕೆಯನ್ನು ಆ ರಿಂಗಿಗೆ ಸಿಗಿಸಿ, ಜಗ್ಗಿ, ನೆಲಕ್ಕೆ ಇಳಿಸಿ, ಮುಂದಿನ ಚಿತ್ರದ ಕಡೆಗೆ ತಳ್ಳಬೇಕು. ಆ ದೋಟಿಯವನು ನಾನು, ದುಂಡಪ್ಪ. ಹದಿನೆಂಟು ವರ್ಷದಿಂದ.

ಈ ಕೆಲಸಕ್ಕೆ ಓದು ಬರಹ ಬೇಕಿಲ್ಲ. ಎಂಥ ಚಿತ್ರ ನೋಡಿದರೂ ಏಳಬಾರದು, ಅಷ್ಟೇ. ಹೇಳಿದಷ್ಟು ಸುಲಭವಲ್ಲ, ಊರಿನಲ್ಲಿ ಹುಟ್ಟಿದವರೊಬ್ಬರಿಗೂ ಅದು ಆಗದು. ನಾನು ಪರವೂರಿನವನು, ಮನೆಯಳಿಯನಾಗಿ ಬಂದವನು, ಅಲ್ಲಿಯತನಕ ಪ್ರದರ್ಶನದ ಒಳಗೆ ಕಾಲಿಟ್ಟವನೂ ಅಲ್ಲ. ನನಗಿಂತ ಮುಂಚೆ ದೋಟಿ ಹಿಡಿದಿದ್ದ ಬಾಳಪ್ಪಜ್ಜನಿಗೆ ಮಂಡಿ ಸೋತಾಗ, ಸಂಘದವರು ನನ್ನನ್ನು ಕರೆಸಿದರು. ಅಜ್ಜ ತನ್ನ ಮೈಮೇಲಿನ ಖಾಕಿ ಕೋಟನ್ನು ಬಿಚ್ಚಿ ನನಗೆ ತೊಡಿಸಿ, ಆಳೆತ್ತರದ ನಾಲ್ಕು ಚಿತ್ರಗಳಲ್ಲಿ ಒಂದರ ಮುಂದೆ ನಿಲ್ಲಿಸಿದ. ಅದರಲ್ಲಿ ಒಂದು ಎಮ್ಮೆ ಕೆರೆಯಿಂದ ಏಳುತ್ತಿತ್ತು. ನನಗೆ ಒಳಗೆ ಏನೇನೋ ಆಯಿತು, ಆದರೆ ಕಾಲು ಕದಲಲಿಲ್ಲ. ಸಂಘದವರು ಬಗ್ಗಿ ನನ್ನ ಹಿಮ್ಮಡಿಯ ಕೆಳಗೆ ಕಾಗದ ತೂರಿಸಿ ನೋಡಿದರು. ತೂರಲಿಲ್ಲ. "ಇಂವ ಕಲ್ಲು ಇದ್ದಾಂಗ ಇದ್ದಾನ, ಇಂವನ ಬೇಕು" ಅಂದರು. ಹೋಗುವಾಗ ಬಾಳಪ್ಪಜ್ಜ ನನ್ನ ಕಿವಿಯಲ್ಲಿ ಹೇಳಿದ್ದು ಒಂದೇ ಮಾತು: "ತಮ್ಮಾ, ಈ ಕೋಟು ಮಾತ್ರ ಒಗೀಬ್ಯಾಡ. ಒಗದ್ರ ಕೆಲಸ ಹೋಗ್ತೈತಿ."

ಹಿರಿಯರ ಮಾತು, ಒಗೆಯಲಿಲ್ಲ. ಕೋಟು ಭಾರವಾಗಿತ್ತು. ಹುದ್ದೆಯ ಕೋಟು ಅಂದಮೇಲೆ ಭಾರ ಇರಲೇಬೇಕು ಎಂದುಕೊಂಡೆ. ಚಿತ್ರಗಳನ್ನು ನೋಡುವುದೂ ಅವತ್ತಿಗೇ ಮುಗಿಯಿತು. ದೋಟಿಯವನು ನೋಡಬೇಕಾದದ್ದು ಜನರ ಹಿಮ್ಮಡಿ. ಯಾರದು ಎದ್ದಿತು, ಎಷ್ಟು ಎದ್ದಿತು, ಯಾರದು ಇಳಿಯಿತು. ನೀವು ನಮ್ಮೂರಿನ ಯಾರನ್ನೇ ಹಿಮ್ಮಡಿಯ ಬಿರುಕಿನಿಂದ ಗುರುತಿಸಲು ಹೇಳಿ, ಹೇಳುತ್ತೇನೆ. ಮುಖ ತೋರಿಸಿದರೆ ಒಮ್ಮೊಮ್ಮೆ ತಡವರಿಸುತ್ತೇನೆ.

ಊರಿನವರಿಗೆ ನಾನು ಬೇಕಾದವನೇ, ಆದರೆ ಹಿಂದಿನಿಂದ "ಕಲ್ಲು ದುಂಡಪ್ಪ" ಅನ್ನುತ್ತಾರೆ. ಎದೆಯಲ್ಲಿ ಏನೂ ಇಲ್ಲದ ಮನುಷ್ಯ ಎಂದು ಅದರ ಅರ್ಥ. ನಾನೂ ನಂಬಿದ್ದೆ. ಹದಿನೆಂಟು ವರ್ಷ ಎಲ್ಲರೂ ಒಂದೇ ಮಾತು ಹೇಳಿದರೆ ನಂಬದೆ ಏನು ಮಾಡುತ್ತೀರಿ? ಬೇಸರವೇನೂ ಇರಲಿಲ್ಲ. ಇರಲಿಲ್ಲ ಅಂದರೆ, ಮಗಳು ಕುಂಚ ಹಿಡಿಯುವವರೆಗೆ ಇರಲಿಲ್ಲ.

ನನ್ನ ಮಗಳು ಇಂದುಮತಿ, ಮನೆಯಲ್ಲಿ ಕರೆಯುವುದು ಇಂದು ಎಂದು. ನಾಲ್ಕು ವರ್ಷದವಳಿದ್ದಾಗಿನಿಂದ ಪ್ರದರ್ಶನಕ್ಕೆ ನನ್ನ ಸಂಗಡ ಬರುತ್ತಿದ್ದಳು; ಅವಳ ಅವ್ವ ಆ ದಿನಗಳಲ್ಲಿ ಬಾಗಿಲಲ್ಲಿ ನಡುಪಟ್ಟಿ ಕಟ್ಟುವ ಕೆಲಸ ಮಾಡುತ್ತಿದ್ದಳು. ಹಾರಿಹೋಗಬಾರದೆಂದು ಮಗು ನನ್ನ ಕೋಟಿನ ಅಂಚು ಹಿಡಿದುಕೊಂಡು ನನ್ನ ಹಿಂದೆ ಹಿಂದೆಯೇ ತಿರುಗುತ್ತಿತ್ತು. ಈಗ ಇಪ್ಪತ್ತೆರಡು. ಎರಡು ವರ್ಷ ಬೇವಿನ ಮರಕ್ಕೆ ಹಗ್ಗ ಕಟ್ಟಿಕೊಂಡು ಒಂದೇ ಚಿತ್ರ ಬರೆದಳು, ಯಾರಿಗೂ ತೋರಿಸಲಿಲ್ಲ. ಈ ವರ್ಷ ಸಂಘದ ನಲವತ್ಮೂರು ಚಿತ್ರಗಳಲ್ಲಿ ಅವಳದೂ ಒಂದು ಎಂದು ಕಾರ್ಯದರ್ಶಿ ವೆಂಕೋಬಾಚಾರ್ಯರು ಹೇಳಿ ಕಳಿಸಿದಾಗ, ನನ್ನ ಹೆಂಡತಿ ಸಾವಂತ್ರೆವ್ವ ಓಣಿಗೆಲ್ಲ ಮಾದಲಿಯ ಸಿಹಿ ಹಂಚಿದಳು. ಕೊನೆಯ ಚಿತ್ರ, ಹೊರಬಾಗಿಲ ಪಕ್ಕದ ಅಟ್ಟದ ಕೆಳಗಿನ ಮೂಲೆ. ಇರಲಿ, ಹೊಸಬರಿಗೆ ಮೂಲೆಯೇ ಗತಿ.

ಸಂಘದ ನಿಯಮವೊಂದಿದೆ. ಆಚಾರ್ಯರು ಗುರುತು ಹಾಕಿದ ಕೋಲು ಹಿಡಿದು ಪ್ರತಿ ಚಿತ್ರದ ಮುಂದೆ ಜನ ಎಷ್ಟು ಎದ್ದರೆಂದು ಅಳೆದು ಎತ್ತರದ ಪುಸ್ತಕದಲ್ಲಿ ಬರೆಯುತ್ತಾರೆ. ಎರಡು ದಿನದಲ್ಲಿ ಒಬ್ಬರನ್ನೂ ಒಂದು ಬೆರಳೂ ಎಬ್ಬಿಸದ ಚಿತ್ರವನ್ನು ಮೂರನೆಯ ದಿನ ಬಾಗಿಲು ತೆಗೆಯುವ ಮುನ್ನ ಇಳಿಸಿ, ಬರೆದವರ ಕೈಗೇ ಕೊಟ್ಟು, ಹಿತ್ತಲ ಬಾಗಿಲಿನಿಂದ ಕಳಿಸುತ್ತಾರೆ. ಹಾಗೆ ಹೋದವರು ಮತ್ತೆ ಕುಂಚ ಹಿಡಿದದ್ದು ನಾನು ಕಂಡಿಲ್ಲ.

ಮೊದಲ ದಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಬಳೆಗಾರ್ತಿ ಕಾಸಿಂಬಿ ಚಾಚಿ. ಪ್ರತಿ ವರ್ಷವೂ ಅವಳೇ ಮುಂದೆ. ಮೊದಲ ಚಿತ್ರ ನಿವೃತ್ತ ಕಂಪೌಂಡರ್ ಮೌನೇಶಪ್ಪನವರ ಬದನೆಕಾಯಿ. ಚಾಚಿ ಒಂದೂವರೆ ಮೊಳ ಎದ್ದು, ಮೇಲೆ ನಿಂತೇ ಸಂಚಿಯಿಂದ ಎಲೆ ತೆಗೆದು ಸುಣ್ಣ ಹಚ್ಚತೊಡಗಿದಳು. ನಾನು ದೋಟಿ ಹಾಕಿ ಜಗ್ಗಿದೆ. "ನಿಧಾನ ಜಗ್ಗೋ ಕಲ್ಲಪ್ಪಾ, ಬಳಿ ಒಡದಾವು" ಎಂದು ಬೈದಳು. ಆಮೇಲೆ ಜನ ನುಗ್ಗಿತು. ಒಂದು ಜೋಡಿ ಗಂಡ ಹೆಂಡತಿ ಕೈ ಹಿಡಿದು ಎರಡು ಮೊಳ ಹೋದರು, ಒಂದು ತಿಂಗಳಿಂದ ಮಾತು ಬಿಟ್ಟಿದ್ದವರು. ಶಾಲೆಯ ಮಾಸ್ತರರು ಗೇಣೆತ್ತರದಲ್ಲಿ ನಿಂತು ಹುಡುಗರಿಗೆ ಶಿಸ್ತಿನ ಪಾಠ ಹೇಳುತ್ತಿದ್ದರು. ಸಂಜೆಯ ಹೊತ್ತಿಗೆ ನನ್ನ ತೋಳು ಬಿದ್ದುಹೋಗಿತ್ತು.

ಆದರೆ ಆ ಕೊನೆಯ ಮೂಲೆಯಲ್ಲಿ ನನ್ನ ತೋಳಿಗೆ ಪೂರಾ ಬಿಡುವು. ಅಲ್ಲಿ ಯಾರ ಹಿಮ್ಮಡಿಯೂ ಏಳಲಿಲ್ಲ. ಬೇರೆ ಚಿತ್ರದಿಂದ ಇನ್ನೂ ಒಂದೆರಡು ಬೆರಳು ತೇಲುತ್ತ ಬಂದವರ ಹಿಮ್ಮಡಿ ಕೂಡ ಅಲ್ಲಿ ನೆಲಕ್ಕೆ ಕೂತುಬಿಡುತ್ತಿತ್ತು. ಕಾಸಿಂಬಿ ಚಾಚಿ ಮಾತ್ರ ಅಲ್ಲಿ ಬಹಳ ಹೊತ್ತು ನಿಂತು, "ಇಲ್ಲಿ ಬಂದ್ರ ಕಾಲಿಗಿ ಸಮಾಧಾನ ಆಗ್ತೈತಿ ನೋಡು" ಅಂದಳು. ಮುದುಕಿ ನನ್ನ ಮನಸ್ಸು ನೋಯಬಾರದೆಂದು ಹೇಳಿದಳು ಎಂದುಕೊಂಡೆ. ನಾನಂತೂ ಆ ಚಿತ್ರದ ಕಡೆ ಕಣ್ಣೆತ್ತಲಿಲ್ಲ. ಹೆದರಿಕೆ. ನೋಡಿ, ನಾನೂ ಏಳದೆ ಹೋದರೆ? ಏಳುವವನಲ್ಲ ಎಂಬುದು ಗೊತ್ತೇ ಇತ್ತು. ಗೊತ್ತಿದ್ದದ್ದನ್ನು ಮಗಳ ಮುಂದೆ ಮಾಡಿ ತೋರಿಸಬೇಕೇ?

ಎರಡನೆಯ ದಿನವೂ ಸೊನ್ನೆ. ಅಂದು ಹೊತ್ತು ಮುಳುಗುವಾಗ ಮನೆಗೆ ಬಂದರೆ ಇಂದುಮತಿ ಅಂಗಳದಲ್ಲಿ ಕೂತು ಕುಂಚಗಳನ್ನೆಲ್ಲ ಒಂದು ಹಳೆಯ ಅರಿವೆಯಲ್ಲಿ ಕಟ್ಟುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿರುತ್ತಿತ್ತು.

"ಏನವಾ ಅದು?" ಅಂದೆ.

"ನಾಳೆ ಹೊಳಿಗಿ ಹಾಕೂದು," ಅಂದಳು. "ಅಪ್ಪಾ, ಸಾಲಿನ್ಯಾಗ ನಿಂತವ್ರು ಏನಂದ್ರು ಗೊತ್ತೇನು? ಕಲ್ಲಿನ ಮಗಳು ಮತ್ತೇನ್ ಬರದಾಳು, ಕಲ್ಲನ್ನ ಬರೀತಾಳ ಅಂದ್ರು."

ಸಾವಂತ್ರೆವ್ವ ಅಡುಗೆಮನೆಯಿಂದ ಹೊರಗೆ ಬಂದು, ಮಗಳನ್ನು ನೋಡಿದಳು, ನನ್ನನ್ನು ನೋಡಿದಳು, ಕೊನೆಗೆ ಗೂಟಕ್ಕೆ ತೂಗುಹಾಕಿದ್ದ ಕೋಟನ್ನು ನೋಡಿದಳು. ಅವಳ ಸಿಟ್ಟೆಲ್ಲ ಅದರ ಮೇಲೆ ತಿರುಗಿತು. "ಹದಿನೆಂಟು ವರ್ಷದಿಂದ ಮನ್ಯಾಗ ನಾರಾಕತ್ತೈತಿ. ಈ ದರಿದ್ರ ಕೋಟಿನ ದೆಸಿಯಿಂದನ ನನ್ನ ಮಗಳಿಗಿ ಹಿಂಗ ಆಗೇತಿ" ಎಂದು ಅದನ್ನು ಎಳೆದುಕೊಂಡು ಒಗೆಯುವ ಕಲ್ಲಿನ ಕಡೆ ನಡೆದಳು. ಬಾಳಪ್ಪಜ್ಜನ ಮಾತು ನೆನಪಾಯಿತು. ಆದರೆ ಸಾವಂತ್ರೆವ್ವ ಸೀರೆ ಎತ್ತಿ ಕಟ್ಟಿ ಕಲ್ಲಿನ ಮುಂದೆ ನಿಂತಮೇಲೆ ಅಡ್ಡ ಬರುವ ಗಂಡಸು ನಾನಲ್ಲ. ಕತ್ತಲಾಗುವವರೆಗೆ ಅವಳು ಅದನ್ನು ಬಡಿಯುವ ಸಪ್ಪಳ ಕೇಳುತ್ತಿತ್ತು.

ಮರುದಿನ ಎದ್ದಾಗ ಕೋಟು ಒಣಗಿ ಗರಿಗರಿಯಾಗಿ ತಂತಿಯ ಮೇಲಿತ್ತು, ಬೇಸಿಗೆ ನೋಡಿ. ಸಾವಂತ್ರೆವ್ವ ಆಗಲೇ ಮಾಳಿಗೆ ಹತ್ತಿ ಸಂಡಿಗೆ ಇಡುತ್ತಿದ್ದಳು. ತೊಟ್ಟುಕೊಂಡರೆ ಹೂವಿನಷ್ಟು ಹಗುರ. ಹದಿನೆಂಟು ವರ್ಷದ ಕೊಳೆ ಇಷ್ಟು ತೂಗುತ್ತಿತ್ತೇ ಎಂದು ನಾಚಿಕೆಯೇ ಆಯಿತು. ಬಾಗಿಲು ತೆಗೆಯುವುದು ಹತ್ತಕ್ಕೆ, ನಾನು ಎಂಟಕ್ಕೇ ಕೀಲಿಕೈ ಹಿಡಿದು ಹೊರಟೆ. ರಾತ್ರಿಯೆಲ್ಲ ಒಂದು ನಿಶ್ಚಯ ಮಾಡಿದ್ದೆ. ಇವತ್ತು ಮಗಳ ಚಿತ್ರ ನೋಡುತ್ತೇನೆ. ಅದಕ್ಕಿಂತ ಮುಂಚೆ ಉಳಿದ ನಲವತ್ತೆರಡನ್ನೂ ನೋಡುತ್ತೇನೆ. ನೋಡಿದಮೇಲೆ, ಇಂದೂ, ನಿನ್ನದು ಯಾವುದಕ್ಕೂ ಕಡಿಮೆ ಇಲ್ಲ ಎಂದು ಕಣ್ಣಾರೆ ಕಂಡವನಾಗಿ ಹೇಳುತ್ತೇನೆ. ಸುಳ್ಳಾದರೂ ಹೇಳುತ್ತೇನೆ. ಕಲ್ಲಿನ ಮಾತಿಗೆ ಒಂದು ಬೆಲೆ ಇದ್ದೀತು.

ಒಳಗೆ ಒಬ್ಬನೇ. ಬೆಳಕಿಂಡಿಯಿಂದ ಬಿಸಿಲು ಇಳಿದಿತ್ತು. ಮೌನೇಶಪ್ಪನವರ ಬದನೆಕಾಯಿಯ ಮುಂದೆ ನಿಂತು ತಲೆ ಎತ್ತಿದೆ. ಒಂದು ಬುಟ್ಟಿ, ಎಂಟು ಮುಳಗಾಯಿ. ಏಳು ಮಿರಮಿರ ಮಿಂಚುತ್ತಿದ್ದವು, ಒಂದಕ್ಕೆ ಹುಳ ಬಿದ್ದ ತೂತು. ಆ ತೂತಿನ ಅಂಚನ್ನು ಮೌನೇಶಪ್ಪ ಎಷ್ಟು ಅಕ್ಕರೆಯಿಂದ ಬರೆದಿದ್ದರೆಂದರೆ, ಮೂವತ್ತು ವರ್ಷ ಜನರ ಗಾಯ ತೊಳೆದ ಕೈ ಅದು ಎಂಬುದು ತಿಳಿಯುತ್ತಿತ್ತು. ತೊಟ್ಟಿನ ಮುಳ್ಳು ನನ್ನ ಬೆರಳಿಗೇ ಚುಚ್ಚಿದಂತಾಯಿತು. ಈ ಮನುಷ್ಯನನ್ನು ನಾನು ಹಿಮ್ಮಡಿಯಿಂದ ಬಿಟ್ಟರೆ ಬೇರೆ ಯಾತರಿಂದಲೂ ಬಲ್ಲವನಲ್ಲವಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತ ಕೆಳಗೆ ನೋಡಿದರೆ ನೆಲ ಇರಲಿಲ್ಲ. ಇತ್ತು, ಎರಡು ಮೊಳ ಕೆಳಗೆ.

ಅಯ್ಯೋ ಶಿವನೇ ಎಂದು ಕೈಕಾಲು ಬಡಿದೆ. ಬಡಿದ ಹಾಗೆ ಪಕ್ಕಕ್ಕೆ ಜಾರಿ ಎರಡನೆಯ ಚಿತ್ರದ ಮುಂದೆ ಬಂದೆ. ಕ್ಷೌರದ ಅಂಗಡಿಯಲ್ಲಿ ಒಬ್ಬ ಅರ್ಧ ಗಡ್ಡ ತೆಗೆಸಿಕೊಂಡು ನಿದ್ದೆ ಹೋಗಿದ್ದಾನೆ, ಕ್ಷೌರಿಕ ಕತ್ತಿ ಹಿಡಿದು ಅವನು ಏಳಲೆಂದು ಕಾಯುತ್ತಿದ್ದಾನೆ. ನನಗೆ ನಗು ಉಕ್ಕಿತು. ನಕ್ಕಷ್ಟೂ ಏರಿದೆ. ಮೂರನೆಯದರಲ್ಲಿ ಮೆಣಸಿನಕಾಯಿ ಒಣಹಾಕಿದ ಮಾಳಿಗೆ, ನಾಲ್ಕನೆಯದರಲ್ಲಿ ಸೈಕಲ್ಲಿನ ಮೇಲೆ ಕನ್ನಡಿ ಒಯ್ಯುವವನು, ಕನ್ನಡಿಯೊಳಗೆ ಇಡೀ ಪೇಟೆ. ಅಲ್ಲಿಂದಾಚೆಗೆ ಎಣಿಸಲಿಲ್ಲ. ಇವೆಲ್ಲ ಇಲ್ಲಿದ್ದವೇ, ಪ್ರತಿ ವರ್ಷ ಇಂಥವು ನನ್ನ ತಲೆಯ ಮೇಲೆಯೇ ಇದ್ದವೇ, ನಾನು ಹಿಮ್ಮಡಿ ನೋಡುತ್ತ ನಿಂತಿದ್ದೆನೇ? ನಗುತ್ತಿದ್ದೆನೋ ಅಳುತ್ತಿದ್ದೆನೋ ತಿಳಿಯದು, ತಲೆ ಗಿರ್ರೆಂದು ತಿರುಗುತ್ತಿತ್ತು, ಎಂದೂ ಇಲ್ಲದ ಸುಖ. ಕೊನೆಗೆ ನೆತ್ತಿ ಮೆತ್ತಗೆ ಕೌದಿಗೆ ತಾಗಿತು. ಕಣ್ಣ ಮುಂದೆಯೇ ಒಂದು ಹಸಿರು ತುಂಡು, ಕೆಂಪು ಚೌಕಡಿಯದು. ಸಾವಂತ್ರೆವ್ವ ಮದುವೆಯ ವರ್ಷ ಉಡುತ್ತಿದ್ದ ಸೀರೆ. ಕೌದಿಗೆ ಕೊಟ್ಟಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಸವರುತ್ತ ಎಷ್ಟು ಹೊತ್ತು ಇದ್ದೆನೋ.

ಒಂಬತ್ತೂವರೆಗೆ ಆಚಾರ್ಯರು ಕೋಲು, ಪುಸ್ತಕ ಹಿಡಿದು ಮೌನೇಶಪ್ಪನವರ ಸಂಗಡ ಬಂದರು. ಖಾಲಿ ಸಭಾಂಗಣ, ನೆಲದ ಮೇಲೆ ಬಿದ್ದ ದೋಟಿ.

"ದುಂಡಪ್ಪಾ, ಎಲ್ಲಿದ್ದೀಯೋ?" ಎಂದು ಕರೆದರು.

"ಇಲ್ಲೇ ಅದೀನ್ರೀ, ಮ್ಯಾಲ."

ಇಬ್ಬರೂ ತಲೆ ಎತ್ತಿದರು. ಆಚಾರ್ಯರ ಕೈಯಿಂದ ಪುಸ್ತಕ ಬಿತ್ತು. "ಅಲ್ಲೋ, ನೀನ ಮ್ಯಾಲ ಹೋದ್ರ ಹ್ಯಾಂಗೋ? ನಿನ್ನ ಯಾರು ಜಗ್ಗಬೇಕು?" ಅಂದರು. ನ್ಯಾಯವಾದ ಪ್ರಶ್ನೆಯೇ.

"ಮೌನೇಶಪ್ಪಾರ, ನಿಮ್ಮ ಮುಳಗಾಯಿಂದ ಶುರು ಆತ್ರಿ" ಎಂದು ನಾನು ಮೇಲಿನಿಂದಲೇ ಕೈ ಮುಗಿದೆ. "ಆ ಹುಳಕ ಮುಳಗಾಯಿ, ಏನ್ ಬರದೀರ್ರೀ." ಮೌನೇಶಪ್ಪನವರ ಕಣ್ಣಲ್ಲಿ ನೀರು ಬಂತು. ಕಲ್ಲನ್ನು ಎಬ್ಬಿಸಿದ ಮೊದಲ ಮನುಷ್ಯ ಎಂಬ ಖುಷಿಯಲ್ಲಿ ತಾವೂ ಒಮ್ಮೆ ತಮ್ಮ ಚಿತ್ರವನ್ನು ತಿರುಗಿ ನೋಡಿ, ಗಪ್ಪನೆ ಒಂದು ಮೊಳ ಎದ್ದುಬಿಟ್ಟರು. ಆಚಾರ್ಯರು ಅವರನ್ನು ಜಗ್ಗಲು ದೋಟಿ ಎತ್ತಿದರು. ಕೊಕ್ಕೆ ಎಲ್ಲಿ ಹಾಕಬೇಕೆಂದು ತಲೆ ಎತ್ತಿ ಹುಡುಕುವಾಗ ಕ್ಷೌರದ ಅಂಗಡಿ ಕಣ್ಣಿಗೆ ಬಿತ್ತು, ಅವರೂ ಹೋದರು. ಅರವತ್ತು ವರ್ಷದ ಘನ ಮನುಷ್ಯ ದೋಟಿ ಹಿಡಿದುಕೊಂಡೇ ಗಾಳಿಯಲ್ಲಿ ತಿರುಗುತ್ತ, "ಬಾಗಿಲಾ ತಗೀಬ್ಯಾಡ್ರಿ, ಬಾಗಿಲಾ ತಗೀಬ್ಯಾಡ್ರಿ" ಅನ್ನುತ್ತಿದ್ದರು. ಹೊರಗೆ ಸಾಲು ಆಗಲೇ ಗದ್ದಲ ಮಾಡುತ್ತಿತ್ತು. ಬಾಗಿಲ ಸಂದಿಯಿಂದ ಇಣುಕಿದ ಕಾಸಿಂಬಿ ಚಾಚಿ ಒಳಗೆ ಏನಾಗಿದೆ ಎಂಬುದನ್ನು ಕೂಗಿ ಕೂಗಿ ಸಾಲಿಗೆಲ್ಲ ಹೇಳಿದಳು. ನಗು ಬಸ್ ಸ್ಟ್ಯಾಂಡಿನ ತನಕ ಹೋದದ್ದು ಮೇಲಿದ್ದ ನನಗೂ ಕೇಳಿಸಿತು.

ಸುದ್ದಿ ಮನೆಗೆ ಮುಟ್ಟಿ ಸಾವಂತ್ರೆವ್ವ ಹಿತ್ತಲ ಬಾಗಿಲಿನಿಂದ ಓಡಿಬಂದಳು, ಸೆರಗಿನಲ್ಲಿ ಏನನ್ನೋ ಕಟ್ಟಿಕೊಂಡು. ನನ್ನನ್ನು ನೋಡಿ ಒಂದು ಗಳಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಿಮ್ಮ ಕೋಟಿನ ಅಂಚಿನ್ಯಾಗ ಇವು ಇದ್ದೂರಿ," ಎಂದು ಸೆರಗು ಬಿಚ್ಚಿದಳು. ಹನ್ನೆರಡು ಸೀಸದ ಬಿಲ್ಲೆಗಳು. "ಯಾವನೋ ಹುಚ್ಚ ಹೊಲದಾನ ಅಂತ ಬಿಚ್ಚಿ, ಗಾಳಿಗಿ ಹಾರಬಾರ್ದಂತ ಸಂಡಗಿ ಅರಿವಿ ಮ್ಯಾಲ ಇಟ್ಟಿದ್ದೆ."

ಬಾಳಪ್ಪಜ್ಜಾ, ಕಳ್ಳ ಮುದುಕಾ. ಅವನೂ ನನ್ನಂಥವನೇ ಆಗಿದ್ದ. ಅವನಿಗೆ ಕೋಟು ಕೊಟ್ಟವನೂ ಹಾಗೆಯೇ ಇದ್ದನೋ ಏನೋ. ನಾನು ಕೌದಿಗೆ ತಲೆ ಕೊಟ್ಟು ನಕ್ಕೇ ನಕ್ಕೆ. ಹದಿನೆಂಟು ವರ್ಷ ಕಲ್ಲಾಗಿದ್ದದ್ದು ನಾನಲ್ಲ, ಕೋಟು. ಜಗ್ಗಲು ನನ್ನ ನಡುವಿಗೆ ರಿಂಗಿನ ಪಟ್ಟಿ ಇರಲಿಲ್ಲ, ಆಚಾರ್ಯರು ತೇಲುತ್ತಲೇ ಬೇರೆ ಉಪಾಯ ಹೇಳಿದರು. ಬಿಲ್ಲೆಗಳನ್ನು ಒಂದು ಚೀಲದಲ್ಲಿ ಹಾಕಿ, ಸಾವಂತ್ರೆವ್ವ ಅದನ್ನು ದೋಟಿಯ ತುದಿಗೆ ಕಟ್ಟಿಕೊಟ್ಟಳು, ಅವರು ನನ್ನ ಕೈಗೆ ಮುಟ್ಟಿಸಿದರು. ಹನ್ನೆರಡನ್ನೂ ಜೇಬಿಗೆ ಹಾಕಿಕೊಂಡೆ. ಒಂದು ಬೆರಳೂ ಇಳಿಯಲಿಲ್ಲ. ಹದಿನೆಂಟು ವರ್ಷ ನೋಡದೆ ಬಿಟ್ಟದ್ದೆಲ್ಲ ಒಮ್ಮೆಲೇ ಎತ್ತುತ್ತಿತ್ತು. ಸೀಸ ಅದಕ್ಕೆ ಯಾವ ಮೂಲೆಗೆ? "ಕಣ್ಣ ಮುಚ್ಚರಿ" ಅಂದಳು ಸಾವಂತ್ರೆವ್ವ. ಮುಚ್ಚಿದೆ. ಮುಚ್ಚಿದರೆ ಮುಳಗಾಯಿ ಇನ್ನೂ ಚೆಂದ ಕಾಣುತ್ತಿತ್ತು.

ಆಗಲೇ ಹಿತ್ತಲ ಬಾಗಿಲು ಕಿರುಗುಟ್ಟಿತು. ಕಣ್ಣು ತೆರೆದೆ. ಇಂದು ಬಂದಿದ್ದಳು. ನೆಲ ನೋಡುತ್ತಲೇ ಬಂದು, ಯಾರು ಎಲ್ಲಿದ್ದಾರೆಂದೂ ನೋಡದೆ ಅಟ್ಟದ ಕೆಳಗಿನ ಮೂಲೆಗೆ ಹೋಗಿ ತನ್ನ ಚಿತ್ರವನ್ನು ಮೊಳೆಯಿಂದ ತೆಗೆದಳು. ಅದರ ಮುಖವನ್ನು ಎದೆಗೆ ಒತ್ತಿಕೊಂಡು ತಿರುಗಿ ಹೊರಟಳು. ನನ್ನ ನಗು ಅಲ್ಲಿಗೇ ನಿಂತಿತು. ನಾನು ಎಂಟಕ್ಕೆ ಬಂದದ್ದು ಆ ಒಂದು ಚಿತ್ರಕ್ಕಾಗಿ. ನಲವತ್ತೆರಡನ್ನು ನೋಡಿ ಕುಣಿಯುತ್ತಿದ್ದೇನೆ, ಅದೊಂದನ್ನು ನೋಡಿಲ್ಲ, ಅದು ಈಗ ಹೊಳೆಗೆ ಹೊರಟಿದೆ.

"ಇಂದೂ, ನಿಂದರವಾ" ಅಂದೆ.

ತಲೆ ಎತ್ತಿದಳು. ನನ್ನನ್ನು ಅಲ್ಲಿ ಕಂಡಾಗ ಅವಳ ಮುಖ ಹೇಗಾಯಿತೆಂದು ಹೇಳಲಾರೆ. ಮೊದಲು ಬೆರಗು, ಆಮೇಲೆ ಅರ್ಥವಾಯಿತು. ಅಪ್ಪ ಎದ್ದಿದ್ದಾನೆ. ಎಲ್ಲರ ಚಿತ್ರಕ್ಕೂ ಎದ್ದಿದ್ದಾನೆ. "ಅಪ್ಪಾ, ನೀನೂ ಏಳ್ತೀಯಾ?" ಅಂದಳು, ಸಣ್ಣ ದನಿಯಲ್ಲಿ.

"ನಿನ್ನ ಚಿತ್ರ ತೋರಸು."

"ಬ್ಯಾಡ. ಯಾರನ್ನೂ ಎಬ್ಬಸಲಾರದ ಚಿತ್ರ ನೋಡಿ ಏನ್ ಮಾಡ್ತೀ?"

"ಎಬ್ಬಸಾಕ ಇನ್ನ ಜಾಗಾ ಎಲ್ಲೈತಿ, ತಲಿ ಮಾಡಿಗಿ ಹತ್ತೇತಿ. ಸುಮ್ಮ ತೋರಸವಾ. ನಿಮ್ಮಪ್ಪ ಎರಡು ದಿನ ಹೆದರಿ ನೋಡಿಲ್ಲ. ಇವತ್ತ ನೋಡಾಕಂತನ ಬಂದೀನಿ."

ಅವಳು ಅವ್ವನ ಮುಖ ನೋಡಿದಳು. ಸಾವಂತ್ರೆವ್ವ ತಲೆಯಾಡಿಸಿದಳು. ಇಂದು ಸಭಾಂಗಣದ ನಡುವೆ ಬಂದು, ನಾನಿದ್ದ ಜಾಗದ ಸರಿ ಕೆಳಗೆ ನಿಂತು, ಚಿತ್ರವನ್ನು ತಿರುಗಿಸಿ ತಲೆಯ ಮೇಲೆ ಎತ್ತಿ ಹಿಡಿದಳು.

ಅದರಲ್ಲಿ ಎರಡು ಪಾದಗಳಿದ್ದವು. ಹಳೆಯ ಚಪ್ಪಲಿ, ಎಡಗಾಲಿನ ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತುಹೋಗಿ ತಂತಿ ಕಟ್ಟಿದ್ದು. ಆ ತಂತಿ ನಾನೇ ಕಟ್ಟಿದ್ದೆ. ಪಾದಗಳ ಸುತ್ತ, ಮೇಲೆಲ್ಲ, ಗಾಳಿಯಲ್ಲಿ ತೇಲುವ ಹತ್ತಾರು ಹಿಮ್ಮಡಿಗಳು ಮಸುಕು ಮಸುಕಾಗಿ. ಆ ಎರಡು ಮಾತ್ರ ಕಲ್ಲುಹಾಸಿನ ಮೇಲೆ ಗಟ್ಟಿಯಾಗಿ ಊರಿದ್ದವು, ಹಾಸಿನ ಬಿರುಕಿನಲ್ಲಿ ಸಿಕ್ಕ ಅರಳೆಯ ಎಳೆ ಕೂಡ ಕಾಣುತ್ತಿತ್ತು. ಮೇಲಿನಿಂದ ಒಂದು ಖಾಕಿ ಕೋಟಿನ ಅಂಚು ಇಳಿಬಿದ್ದಿತ್ತು. ಆ ಅಂಚನ್ನು ಒಂದು ಪುಟ್ಟ ಕೈ ಮುಷ್ಟಿಕಟ್ಟಿ ಹಿಡಿದಿತ್ತು.

ನಾನು ಜಗತ್ತಿನಲ್ಲಿ ಎಲ್ಲರ ಹಿಮ್ಮಡಿ ಬಲ್ಲವನು, ನನ್ನದನ್ನು ಎಂದೂ ನೋಡಿರಲಿಲ್ಲ. ಮಗಳು ನೋಡಿದ್ದಳು.

ಕೌದಿ ಬಿಟ್ಟದ್ದು ನನಗೆ ತಿಳಿಯಲಿಲ್ಲ. ನೀರಿಗೆ ಬಿದ್ದ ಬೇವಿನ ಎಲೆ ತಳಕ್ಕೆ ಹೋಗುವ ಹಾಗೆ, ಆತುರವಿಲ್ಲದೆ ಇಳಿದೆ. ಯಾರೂ ಜಗ್ಗಲಿಲ್ಲ, ಕೊಕ್ಕೆಯಿಲ್ಲ, ಕುಲುಕಾಟವಿಲ್ಲ. ಮೊದಲು ಹೆಬ್ಬೆರಳು ತಾಗಿತು, ಆಮೇಲೆ ಪಾದ, ಆಮೇಲೆ ಹಿಮ್ಮಡಿ. ಚಪ್ಪಲಿ ಯಾವಾಗಲೋ ಕಳಚಿ ಬಿದ್ದಿತ್ತು, ನೆಲ ತಣ್ಣಗಿತ್ತು. ಹದಿನೆಂಟು ವರ್ಷ ನಿಂತ ನೆಲವೇ, ಆದರೆ ಅದರ ಮೇಲೆ ನಿಲ್ಲುವುದು ಇಷ್ಟು ಸುಖವೆಂದು ಅಂದೇ ತಿಳಿದದ್ದು. ನಾನು ಅತ್ತುಬಿಟ್ಟೆ, ಮಗಳ ಮುಂದೆ, ಸಂಘದವರ ಮುಂದೆ.

"ಇತ್ತಾಗ ಒಂಚೂರು ತಿರಗಸವಾ ತಂಗಿ," ಎಂದು ಮೌನೇಶಪ್ಪನವರು ಮೇಲಿನಿಂದ ಬೇಡಿಕೊಂಡರು. ಇಂದು ತಿರುಗಿಸಿದಳು. ಅವರು ಇಳಿದು ಚಪ್ಪಲಿ ಸರಿಮಾಡಿಕೊಂಡರು. ಆಚಾರ್ಯರ ಕಡೆ ತಿರುಗಿಸಿದಳು. ಅವರೂ ದೋಟಿಯ ಸಮೇತ ಬಂದು ನೆಲದ ಮೇಲೆ ಊರಿ ನಿಂತು, ತಮ್ಮ ಕಾಲನ್ನೇ ಎರಡು ಸಲ ತಟ್ಟಿ ನೋಡಿಕೊಂಡರು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಿದ್ದ ಕಾಸಿಂಬಿ ಚಾಚಿ, "ನಾ ಮೊದಲನೇ ದಿನಾನ ಹೇಳಿದ್ನಿಲ್ಲೋ, ಕಾಲಿಗಿ ಸಮಾಧಾನ ಆಗ್ತೈತಿ ಅಂತ? ಬಳಿಗಾರ್ತಿ ಮಾತು ಯಾರ್ ಕೇಳ್ತೀರಿ" ಅಂದಳು.

ಆಚಾರ್ಯರು ಬಿದ್ದಿದ್ದ ಪುಸ್ತಕವನ್ನು ಎತ್ತಿಕೊಂಡು ಬಹಳ ಹೊತ್ತು ಹಾಳೆ ತಿರುವಿದರು. ಎಷ್ಟು ಎದ್ದರು ಎಂದು ಬರೆಯಲು ಜಾಗವಿತ್ತು, ಎಷ್ಟು ಇಳಿದರು ಎಂದು ಬರೆಯಲು ಇರಲಿಲ್ಲ. ಸಂಘ ಹುಟ್ಟಿದಾಗಿನಿಂದ ಯಾರಿಗೂ ಅದು ಬೇಕೆನಿಸಿರಲಿಲ್ಲ. ಕೊನೆಗೆ ಅವರು ಅಳತೆಯ ಕೋಲನ್ನು ತಲೆಕೆಳಗು ಹಿಡಿದು, ಕೌದಿಯಿಂದ ನನ್ನ ನೆತ್ತಿಯ ತನಕ ಕಣ್ಣಳತೆಯಲ್ಲಿ ಎಣಿಸಿದರು. "ಹದಿನಾಲ್ಕು ಮೊಳ," ಅಂದರು. "ಇಷ್ಟು ಅಳತಿ ಈ ಪುಸ್ತಕದಾಗ ಇಲ್ಲಿತನಕ ಬರದಿಲ್ಲ." ಆಮೇಲೆ, "ಇಂದುಮತೀ, ಅದನ್ನ ಹೊರಗ ಒಯ್ಯಬ್ಯಾಡವಾ. ತಂದು ಹೊರಬಾಗಿಲ ಎದುರಿಗೆ ಹಾಕು. ಜನಾ ನೋಡಿಕೊಂಡು ಮನಿಗೆ ನಡಕೊಂಡು ಹೋಗ್ಲಿ" ಅಂದರು.

ಬಾಗಿಲು ತೆಗೆದರು. ಜನ ನುಗ್ಗಿತು. ಆ ಗದ್ದಲದಲ್ಲಿ ಯಾರೋ ಹಿಂದಿನಿಂದ ನನ್ನ ಕೋಟನ್ನು ಜಗ್ಗಿದರು. ಇಂದು. ಅಂಚನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ ಹಿಸುಕಿ ನೋಡುತ್ತಿದ್ದಳು.

"ಅಪ್ಪಾ, ಇದರಾಗ ಗಟ್ಟಿ ಗಟ್ಟಿ ಇರ್ತಿದ್ವಲ್ಲ, ಎಲ್ಲಿ ಹೋದೂ? ಸಣ್ಣಾಕಿದ್ದಾಗ ಅದನ್ನ ಹಿಡಕೊಂಡ್ರ ನಾ ಹಾರತಿದ್ದಿಲ್ಲ."

ಊರಿಗೆಲ್ಲ ತಿಳಿಯದ್ದು ನಾಲ್ಕು ವರ್ಷದ ಮುಷ್ಟಿಗೆ ತಿಳಿದಿತ್ತು. ಜೇಬಿನಿಂದ ಬಿಲ್ಲೆಗಳ ಚೀಲ ತೆಗೆದು ಸಾವಂತ್ರೆವ್ವನ ಕೈಗೆ ಹಾಕಿದೆ.

"ಸಂಡಗಿ ಕಾಯಾಕ ಹೋಗ್ತಾವ" ಅಂದೆ. "ಇನ್ನ ನಾ ಹಾರತೀನಿ. ನೀ ಗಟ್ಟಿ ಹಿಡಕೋ."

ಅವಳು ನಕ್ಕಳು, ಅಂಚು ಬಿಡಲಿಲ್ಲ. ದೋಟಿಯನ್ನು ಗೋಡೆಗೆ ಒರಗಿಸಿ, ಇಬ್ಬರೂ ಬಾಗಿಲಿಗೆ ಹೋಗಿ ನಡುಪಟ್ಟಿ ಕಟ್ಟಿಸಿಕೊಂಡು, ಎಲ್ಲರ ಹಾಗೆ ಸಾಲಿನಲ್ಲಿ ನಿಂತೆವು. ಮುಳಗಾಯಿಯಿಂದ ಶುರು ಮಾಡಿದೆವು.